ತಾಯಿತ ಹಿಡಿದು ಬಂದ ತಂಗಿ

ಸೋಮವಾರ, ಬೆಳಿಗ್ಗೆ ಎಂಟು ಗಂಟೆ, ಸೇಡಂನ ನಮ್ಮ ಮನೆ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ಎಂಟಕ್ಕೆ ಬರುತ್ತೇನೆಂದಿದ್ದ ತಂಗಿ ಸುಲೇಪೇಟದಿಂದ ಬಂದಿಳಿದದ್ದು ಹತ್ತೂವರೆಗೆ. ವೈದ್ಯಶಾಸ್ತ್ರ ಇಷ್ಟು ಮುಂದುವರಿದದ್ದು ತನ್ನಿಂದಲೇ ಎಂದು ನಂಬಿರುವ ಏಕೈಕ ಹೆಂಗಸು ಇವಳು!

ಹೋದ ವರ್ಷ ನನ್ನ ಎಲುಬಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿತು. ವಾಡಿಯ ರೈಲ್ವೆಯಲ್ಲಿ ಒಂದು ದಿನವೂ ತಡವಾಗಿ ಹಾಜರಾಗದವನ ದೇಹವೇ ಮುಷ್ಕರ ಹೂಡಿತ್ತು! ಒಡಹುಟ್ಟಿದವರ ಆಕರಕೋಶ, ಅಂದರೆ ಸ್ಟೆಮ್ ಸೆಲ್, ಹೊಂದಿದರೆ ಉಳಿಯಬಹುದು ಎಂದರು, ಹೈದರಾಬಾದಿನಲ್ಲಿದ್ದ ನಮ್ಮ ಕಡೆಯ ಡಾಕ್ಟರು. ನನಗೆ ಒಡಹುಟ್ಟಿದವಳು ಇವಳೊಬ್ಬಳೇ.

ಅಂದು ಹೈದರಾಬಾದಿಗೆ ಬಂದವಳೇ ಡಾಕ್ಟರ ಮೇಜಿನ ಮೇಲೆ ಬೆಳ್ಳಿಯ ತಾಯಿತ ಇಟ್ಟಳು. "ಇದರೊಳಗ ಅಣ್ಣನ ಹೊಕ್ಕಳಬಳ್ಳಿ ಅದರಿ ಸಾಹೇಬ್ರ. ಅವ್ವ ಒಣಗಿಸಿ ಇಟ್ಟಿದ್ಳು. ಹೊಕ್ಕಳಬಳ್ಳಿ ರಕ್ತದಾಗ ಸ್ಟೆಮ್ ಸೆಲ್ ಇರ್ತಾವಂತ ಪೇಪರದಾಗ ಓದೀನಿ. ತಗೋರಿ!"

"ಹುಟ್ಟಿದ ಕೂಡ್ಲೆ ತೆಗೆದು ಭಾಳ ಥಂಡಿಯೊಳಗ ಇಡಬೇಕ್ರಿ ಅಮ್ಮಾ. ಇದು ಅರವತ್ತು ವರ್ಷದ್ದು."

"ಅರವತ್ತೆರಡು!" ಎಂದಳು, ವಯಸ್ಸಾದಷ್ಟೂ ಬೆಲೆ ಹೆಚ್ಚು ಎಂಬಂತೆ.

ಡಾಕ್ಟರು ತಾಯಿತ ಮರಳಿಸಿ ಅವಳ ರಕ್ತವನ್ನೇ ಪರೀಕ್ಷಿಸಿದರು. ಹೊಂದಿತು! ಅಂದಿನಿಂದ ವಾರ್ಡಿನಲ್ಲಿ ಇವಳದೇ ಪಾಠ. "ಆಕರಕೋಶ ಅಂದ್ರ ಶಹಾಬಾದ ಕಲ್ಲು ಇದ್ದಂಗ. ಕೆಳಗ ಹಾಸಿದ್ರ ನೆಲ, ಮ್ಯಾಲ ಹಾಕಿದ್ರ ಛತ್ತು. ಮಜ್ಜೆಯೊಳಗಿಂದು ಕೆಂಪು ಕಣನೂ ಆಗ್ತದ, ಬಿಳಿ ಕಣನೂ ಆಗ್ತದ."

"ಕಲ್ಲು ಮರಿ ಹಾಕ್ತದೇನು? ಇದು ತನ್ನಂಥವನ್ನ ತಾನೇ ಹುಟ್ಟಿಸ್ತದ" ಎಂದೆ.

"ಅದಕ್ಕ ಇದು ಕಲ್ಲಿಗಿಂತ ಶಾಣ್ಯಾ, ಅಣ್ಣಾ!"

ಆಕರಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯಲೆಂದು ಅವಳಿಗೆ ದಿನಾಲೂ ಸೂಜಿ ಚುಚ್ಚಿದರು. ಮೈಯ ಎಲುಬೆಲ್ಲ ನೋಯುತ್ತಿತ್ತಂತೆ. ನನಗೆ ಹೇಳಿದ್ದು ನರ್ಸು, ಇವಳಲ್ಲ. ಕೊನೆಗೆ ಯಂತ್ರದ ಸರದಿ. ಒಂದು ತೋಳಿನಿಂದ ರಕ್ತ ಎಳೆದು, ಆಕರಕೋಶ ಹೆಕ್ಕಿಕೊಂಡು, ಉಳಿದದ್ದನ್ನು ಇನ್ನೊಂದು ತೋಳಿಗೆ ಹಿಂತಿರುಗಿಸುತ್ತದೆ. ನಾಲ್ಕು ತಾಸು ಅಲುಗಾಡುವಂತಿಲ್ಲ. ರೊಟ್ಟಿ ಬಡಿಯುವಾಗಲೂ ಮೂರು ಸಲ ಬೀದಿಗೆ ಹೋಗಿ ಬರುವ ಇವಳು ಕೂತಾಳೇ? ಪ್ರತ್ಯೇಕ ಕೋಣೆಯಲ್ಲಿ ಮಲಗಿದ್ದ ನಾನು ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿದೆ.

"ಕೂತೀಯೇನವಾ?"

"ಕೂತೀನಿ. ನೀನ ಸುಮ್ನಿರವಲ್ಲಿ!"

ಕೂತಳು. ನಾಲ್ಕೂ ತಾಸು! ನನ್ನ ಸರ್ವಿಸಿನಲ್ಲಿ ಇಂಥ ಡ್ಯೂಟಿಯನ್ನು ನಾನು ಕಂಡಿಲ್ಲ. ಸಂಜೆ ಅವಳ ಆಕರಕೋಶದ ಚೀಲ ನನ್ನ ನರಕ್ಕೆ ಹನಿಹನಿಯಾಗಿ ಇಳಿಯಿತು.

ಇಂದು ಅವಳು ತಂದುಕೊಟ್ಟದ್ದು, ಮೊನ್ನೆ ಕಲಬುರಗಿಗೆ ಹೋಗಿ ಇಸಿದುಕೊಂಡಿದ್ದ ನನ್ನ ರಕ್ತದ ವರದಿ. ಎಲ್ಲ ಕಣಗಳೂ ಸರಿಯಾಗಿವೆ. ರಕ್ತದ ಗುಂಪಿನ ಸಾಲಿನಲ್ಲಿ ಮಾತ್ರ 'ಬಿ' ಎಂದಿತ್ತು. ಹುಟ್ಟಿನಿಂದ ನನ್ನದು 'ಓ'. ಆಕರಕೋಶ ಪಡೆದ ಮೇಲೆ ಗುಂಪು ಬದಲಾಗಬಹುದು ಎಂದು ಡಾಕ್ಟರು ಹೇಳಿದ್ದರು, ನಾನು ನಂಬಿರಲಿಲ್ಲ.

"'ಬಿ' ಯಾರದವಾ?"

"ನಂದು" ಎಂದಳು. ಅಷ್ಟೇ. ಪಾಠ ಮಾಡಲಿಲ್ಲ.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು, ಜೇಬಿನ ಡೈರಿಯ ಮೊದಲ ಪುಟ ತೆಗೆದೆ. ರಕ್ತದ ಗುಂಪು ಎಂಬಲ್ಲಿದ್ದ 'ಓ' ಮೇಲೆ ಸ್ಕೇಲ್ ಇಟ್ಟೇ ಗೀಟು ಎಳೆದೆ, ಆದರೂ ಸೊಟ್ಟಗಾಯಿತು. ಹಾಗೇ ಬಿಟ್ಟು, ಪಕ್ಕದಲ್ಲಿ 'ಬಿ' ಎಂದು ಬರೆದೆ.