ಒಂದನೇ ಹಂತದ ಮೈಕು

ಕೊಟ್ಟೂರಿನ ವರ್ತಕರ ಸಂಘವೊಂದರಲ್ಲಿ ಯಾರ ದನಿ ಎಷ್ಟು ಕೇಳಿಸಬೇಕೆಂಬುದು ಠರಾವಿನ ಮೂಲಕ ತೀರ್ಮಾನವಾಗಿದೆ. ಸಭೆಯ ಮೈಕಿನ ಪೆಟ್ಟಿಗೆಗೆ ಆರು ಹಂತದ ನಾಬ್ ಇರತಕ್ಕದ್ದು. ಆರನೆಯದು ಅಧ್ಯಕ್ಷರಿಗೆ, ಎರಡರಿಂದ ಐದು ಉಳಿದ ಪದಾಧಿಕಾರಿಗಳಿಗೆ, ಒಂದನೆಯದು ಸಾಮಾನ್ಯ ಸದಸ್ಯರಿಗೆ.

ಪೆಟ್ಟಿಗೆ ಮಾಡುವ ಕೆಲಸ ಸಂಘದ ಮಳಿಗೆಯಲ್ಲೇ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮುನಾವರನಿಗೆ ಬಂತು. ಹಂತಕ್ಕೊಂದು ರೆಸಿಸ್ಟರ್, ಈ ಪೆಟ್ಟಿಗೆಯಲ್ಲಿ ಅದರ ಓಮ್ ಹೆಚ್ಚಿದರೆ ದನಿ ಹೆಚ್ಚು. ಹರಪನಹಳ್ಳಿಯಿಂದ ಹಡಗಲಿಯವರೆಗೆ ತನ್ನಂಥ ಕೈ ಇನ್ನೊಂದಿಲ್ಲವೆಂದು ನಂಬಿದ್ದ ಮುನಾವರ ಲೆಕ್ಕ ಹಾಕುವ ಗೋಜಿಗೆ ಹೋಗಲಿಲ್ಲ. ಮೊದಲನೆಯದಕ್ಕೆ ಒಂದು ಕಿಲೋ ಓಮ್ ಹಾಕಿ, ಮುಂದಿನ ಪ್ರತಿ ಹಂತಕ್ಕೂ ಹತ್ತು ಕಿಲೋ ಓಮ್ ಕೂಡಿಸುತ್ತ ಹೋದ.

ಪರೀಕ್ಷೆಯ ದಿನ ಒಂದನೇ ಹಂತದ ದನಿ ಫ್ಯಾನಿನ ಸದ್ದಿನಲ್ಲೇ ಮುಳುಗಿತು. ಎರಡಕ್ಕೆ ತಿರುಗಿಸಿದರೆ ಕಿಟಕಿ ಅದುರಿದವು. ಅಲ್ಲಿಂದ ಆರರವರೆಗೆ ಹೆಚ್ಚುಕಮ್ಮಿ ಒಂದೇ ಅರಚಾಟ. ಮುನಾವರನಿಗೆ ನಾಚಿಕೆಯಾಯಿತು.

"ತಪ್ಪು ನಂದ ಐತ್ರಿ," ಎಂದ. "ಕಿವಿ ಕೂಡಿಸಿ ಕೇಳಂಗಿಲ್ಲ, ಗುಣಿಸಿ ಕೇಳತೈತಿ. ಹಂತ ಹಂತಕ್ಕ ದುಪ್ಪಟ್ಟು ಮಾಡಬೇಕಿತ್ತು. ಬಿಚ್ಚಿ ಸರಿ ಮಾಡಿಕೊಡ್ತೀನಿ."

ಕಾರ್ಯದರ್ಶಿ ಗಂಗಾಂಬಿಕಾ ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಪದಾಧಿಕಾರಿಗಳು ಎಲ್ಲಾರೂ ಜೋರಾಗಿ ಕೇಳಸ್ತಾರ, ಸದಸ್ಯರು ಕೇಳಸಂಗಿಲ್ಲ. ಇದರಾಗ ತಪ್ಪು ಎಲ್ಲೈತಿ?"

ಅಧ್ಯಕ್ಷ ಯರ್ರಿಸ್ವಾಮಿ ಅಲ್ಲೇ ಶಾಲು ಹೊದಿಸಿದರು. ಬೇಡವೆನ್ನಬೇಕೆಂದಿದ್ದ ಮುನಾವರ ಫೋಟೋಕ್ಕೆ ನಿಂತ.

ಮುಂದಿನ ಸಭೆಯಲ್ಲಿ ಮೊದಲ ವಿಷಯ ಹೀಗಿತ್ತು: "ಸಂಘದ ಕುರ್ಚಿಗಳನ್ನು ಇಡಲು ಸ್ಥಳದ ಅಭಾವವಿರುವುದರಿಂದ ರೇಡಿಯೋ ರಿಪೇರಿ ಅಂಗಡಿಯನ್ನು ತೆರವುಗೊಳಿಸುವುದು. ಆಕ್ಷೇಪಣೆ ಇದ್ದವರು ಮೈಕಿನಲ್ಲಿ ತಿಳಿಸುವುದು."

ಮುನಾವರ ಎದ್ದು ಹೋಗಿ ಮೈಕು ಹಿಡಿದ. ಅವನು ಸಾಮಾನ್ಯ ಸದಸ್ಯನಾದ್ದರಿಂದ ಗಂಗಾಂಬಿಕಾ ನಿಯಮದಂತೆ ನಾಬನ್ನು ಒಂದಕ್ಕೆ ತಂದರು. ಅಪ್ಪನ ಕಾಲದ ಅಂಗಡಿ, ಹೊಟ್ಟೆಪಾಡು ಅಂತೆಲ್ಲ ಅವನು ಗಂಟಲು ಹರಿಯುವಂತೆ ಹೇಳಿಕೊಂಡ. ಫ್ಯಾನು ತಿರುಗುತ್ತಿತ್ತು. ಹಿಂದಿನ ಸಾಲಿನವರು ಅವನು ವಂದನಾರ್ಪಣೆ ಮಾಡುತ್ತಿದ್ದಾನೆಂದು ತಿಳಿದು ಚಪ್ಪಾಳೆ ತಟ್ಟಿದರು.

"ಆಕ್ಷೇಪಣೆ ಇಲ್ಲ, ಸರ್ವಾನುಮತ," ಎಂದು ಅಧ್ಯಕ್ಷರು ಆರನೇ ಹಂತದಲ್ಲಿ ಘೋಷಿಸಿದರು. ಅದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು.

ಪೆಟ್ಟಿಗೆಯ ಕೀರ್ತಿ ಹಬ್ಬಿ, ಕೂಡ್ಲಿಗಿ ಮತ್ತು ಹಗರಿಬೊಮ್ಮನಹಳ್ಳಿಯ ಸಂಘಗಳಿಂದಲೂ ಆರ್ಡರ್ ಬಂದಿದೆ. ಅಂಗಡಿ ಹೋದ ಮೇಲೆ ಮುನಾವರ ಮನೆಯ ಕಟ್ಟೆಯ ಮೇಲೆ ಕೂತು ಬೆಸುಗೆ ಹಾಕುತ್ತಿದ್ದಾನೆ.

"ಈ ಸಲನಾರ ಲೆಕ್ಕ ಸರಿ ಮಾಡಿ ಹಾಕ್ರಿ," ಎಂದಳು ಹೆಂಡತಿ ಶರ್ಫುನ್ನೀಸಾ, ಚಹಾ ಇಡುತ್ತ.

"ಸರಿ ಮಾಡಿದ್ರ ಮಾಲು ವಾಪಸ್ ಬರತೈತಿ," ಎಂದು ಮುನಾವರ ಮೊದಲ ಹಂತಕ್ಕೆ ಒಂದು ಕಿಲೋ ಓಮ್ ಬೆಸೆದ.