ಐರಿಷ್ ಹೆಂಟೆಗೆ ಮೂರು ಚಮಚ ತುಪ್ಪ

ಬೆಂಕಿಯ ವಿಷಯದಲ್ಲಿ ನನ್ನನ್ನು ಪ್ರಶ್ನಿಸುವವರು ಕುವೈತಿನಲ್ಲಿ ಯಾರೂ ಇರಲಿಲ್ಲ. ವಾರದ ದಿನಗಳಲ್ಲಿ ನಾನು ತೈಲ ಘಟಕವೊಂದರಲ್ಲಿ ಬೆಂಕಿ ಬೀಳದಂತೆ ನೋಡಿಕೊಳ್ಳುವ ಸೇಫ್ಟಿ ಎಂಜಿನಿಯರ್. ಶುಕ್ರವಾರಗಳಲ್ಲಿ ಫಹಾಹೀಲ್ ಸುತ್ತಮುತ್ತಲ ಕನ್ನಡಿಗರ ಫ್ಲಾಟುಗಳಿಗೆ ಹೋಗಿ ಗಣಹೋಮಕ್ಕೆ ಬೆಂಕಿ ಹೊತ್ತಿಸಿಕೊಡುವವನೂ ನಾನೇ. ಇಂಥ ಸರ್ವಜ್ಞ ಈಗ ಪಕ್ಕದ ಮನೆಯಲ್ಲಿ ಬ್ರೆಡ್ ಸೀದ ವಾಸನೆ ಬಂದರೂ ಸಾಕು, ಊಟದ ತಟ್ಟೆ ಬಿಟ್ಟು ನೆಲದ ಮೇಲೆ ಕವುಚಿ ಮಲಗುತ್ತಾನೆ!

ಎಲ್ಲ ಶುರುವಾದದ್ದು ಎದುರು ಫ್ಲಾಟಿನ ನೋರಾ ಅವರಿಂದ. ಐರ್ಲೆಂಡಿನವರು, ಇಲ್ಲಿನ ಶಾಲೆಯೊಂದರಲ್ಲಿ ಟೀಚರ್. ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಶಾಂತಲಾ ಟೀ ಕೊಡಲೇ ಎಂದಳು. ನೋರಾ ಬೇಡ ಎಂದರು. ಮತ್ತೆ ಕೇಳಿದಳು. ಅಯ್ಯೋ, ಖಂಡಿತ ಬೇಡ ಎಂದರು. ಮೂರನೇ ಸಲ, "ನೀವು ಹೇಗೂ ಕುಡಿಯುವುದಾದರೆ ಅರ್ಧ ಕಪ್," ಎಂದರು. ಎರಡು ಕಪ್ ಕುಡಿದರು.

"ರೀ, ಇವರು ನಮ್ಮ ಕಡೆಯವರೇ!" ಎಂದಳು ಶಾಂತಲಾ.

ಐರ್ಲೆಂಡಿನಲ್ಲಿ ಮೊದಲ ಸಲ ಕೇಳಿದ ಕೂಡಲೇ ಹೂಂ ಎಂದರೆ ಮರ್ಯಾದೆ ಅಲ್ಲವಂತೆ. ತುಮಕೂರಿನಲ್ಲೂ ಅದೇ ಕಾನೂನು. ಅಂದಿನಿಂದ ಎರಡು ಮನೆಗಳ ನಡುವೆ ಬೇಡ-ಬೇಡ ಎನ್ನುತ್ತಲೇ ಚಕ್ಕುಲಿ, ಕೇಕು, ಪುಳಿಯೋಗರೆ ಧಾರಾಳವಾಗಿ ಓಡಾಡಿದವು.

ಈ ವರ್ಷ ನೋರಾ ಅವರ ತಂದೆ ಊರಿನಲ್ಲಿ ತೀರಿಕೊಂಡರು. ನೋರಾಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ವಿಮಾನ ಹತ್ತಿದರೆ ಕಣ್ಣೇ ಹೋಗುತ್ತದೆ ಎಂದಿದ್ದರು ಡಾಕ್ಟರ್. ತಂದೆಯ ಅಂತ್ಯಕ್ರಿಯೆಯನ್ನು ಅವರು ನಮ್ಮ ಸೋಫಾ ಮೇಲೆ ಕುಳಿತು ಫೋನಿನಲ್ಲಿ ನೋಡಿದರು. ಚರ್ಚಿನ ಕ್ಯಾಮೆರಾ ಮೇಲಿನ ಮೂಲೆಯಲ್ಲಿತ್ತು. ಕಂಡದ್ದೆಲ್ಲ ಬೋಳುತಲೆಗಳು. "ಅದು ನನ್ನ ಅಣ್ಣ, ಇದು ನನ್ನ ಅಣ್ಣ," ಎಂದು ಬೋಳುತಲೆಗಳಿಂದಲೇ ಗುರುತು ಹಿಡಿದು ನಕ್ಕರು. ಆಮೇಲೆ ಬಹಳ ಹೊತ್ತು ಅತ್ತರು.

ಅವರಲ್ಲಿ ಸತ್ತವರಿಗೆ ತಿಂಗಳು ತುಂಬಿದಾಗ ಒಂದು ಪ್ರಾರ್ಥನೆ ಇದೆಯಂತೆ. "ನಮ್ಮಲ್ಲೂ ಇದೆ, ಮಾಸಿಕ ಅಂತೀವಿ," ಎಂದೆ ಹೆಮ್ಮೆಯಿಂದ, ನಾನೇ ಕಂಡುಹಿಡಿದವನಂತೆ. ಆಗ ನೋರಾ ತಮ್ಮ ಫ್ಲಾಟಿಗೆ ಹೋಗಿ ಟವೆಲಿನಲ್ಲಿ ಸುತ್ತಿದ್ದ ಒಂದು ಕಪ್ಪು ಹೆಂಟೆ ತಂದರು. ಟರ್ಫ್. ಜೌಗು ನೆಲದಿಂದ ಕೊಯ್ದು ಒಣಗಿಸಿದ ಮಣ್ಣು. ಅವರ ಹಳ್ಳಿಯ ಒಲೆಗಳಿಗೆ ಅದೇ ಸೌದೆ. ಮನೆ ಬಿಟ್ಟು ಹೊರಟ ದಿನ ತಂದೆ ಅದನ್ನು ಪೆಟ್ಟಿಗೆಗೆ ತುರುಕಿ, "ಊರು ನೆನಪಾದಾಗ ಸುಡು," ಎಂದಿದ್ದರಂತೆ. ಇಷ್ಟು ವರ್ಷ ಸುಡಲು ಮನಸ್ಸು ಬಂದಿರಲಿಲ್ಲ. ಸುಟ್ಟರೆ ಮುಗಿಯಿತಲ್ಲ! ಅಪ್ಪ ಕೈಯಾರೆ ಕೊಯ್ದದ್ದು ಉಳಿದಿರುವುದು ಅದೊಂದೇ. "ಈ ತಿಂಗಳ ದಿನ ಸುಡೋಣ ಅಂತ. ಆದರೆ ಹೇಗೆ ಅಂತ ಗೊತ್ತಿಲ್ಲ, ಅಪ್ಪನೇ ಹೊತ್ತಿಸುತ್ತಿದ್ದದ್ದು."

ನಾನು ಹೆಂಟೆಯನ್ನು ತಿರುಗಿಸಿ ನೋಡಿದೆ. ಸಾಕ್ಷಾತ್ ನಮ್ಮ ಬೆರಣಿಯ ಸೋದರಮಾವ!

"ನನಗೆ ಬಿಡಿ," ಎಂದೆ.

ಆ ಶುಕ್ರವಾರ ಮಧ್ಯಾಹ್ನ ಹೊರಗೆ ಧೂಳಿನ ಗಾಳಿ. "ಬಾಲ್ಕನಿಯಲ್ಲಿ ಮಾಡ್ರೀ," ಎಂದಳು ಶಾಂತಲಾ.

"ಧೂಳಲ್ಲಿ ಮಾಸಿಕ ಮಾಡ್ತಾರೇನೇ? ನೀನು ಸುಮ್ಮನೆ ಹೋಗಿ ಹಾಲು ತಾ."

ಅವಳು ಹೋದಳು. ನಾನು ಹೋಮದ ದಿನಗಳ ಪದ್ಧತಿಯಂತೆ ಕೆಲಸಕ್ಕಿಳಿದೆ. ಮೊದಲು, ನೋರಾ ಮನೆಯ ಸೂರಿನಲ್ಲಿದ್ದ ಹೊಗೆ ಅಲಾರಮ್ಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದೆ. ಗಲ್ಫಿನ ಗಣಪತಿಗಳೆಲ್ಲ ಈ ಟೋಪಿಯ ಕೃಪೆಯಿಂದಲೇ ಹವಿಸ್ಸು ಸ್ವೀಕರಿಸುವುದು! ಬೂದಿ ಹಾರದಿರಲೆಂದು ಏಸಿ ಆರಿಸಿದೆ. ಹೊಗೆ ಕಾರಿಡಾರಿಗೆ ಹೋದರೆ ಅಕ್ಕಪಕ್ಕದವರಿಗೆ ತೊಂದರೆಯೆಂದು ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದೆ. ಶತ್ರುಗಳು ಯಾರಾದರೂ ನನ್ನನ್ನು ಮುಗಿಸಬೇಕೆಂದಿದ್ದರೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

ತಾಮ್ರದ ಕುಂಡದಲ್ಲಿ ಹೆಂಟೆಯಿಟ್ಟು ಕರ್ಪೂರ ಹಚ್ಚಿದೆ. ಕರ್ಪೂರ ಉರಿದು ಹೋಯಿತು. ಹೆಂಟೆ ಹಾಗೇ ಕೂತಿತ್ತು. ಒಂದು ಚಮಚ ತುಪ್ಪ ಹಾಕಿದೆ. ಇಲ್ಲ. ಇನ್ನೊಂದು ಹಾಕಿದೆ. ಇಲ್ಲ. ಇದೂ ಐರಿಷ್ ಅಲ್ಲವೇ, ಮೂರನೇ ಸಲ ಕೇಳಿದರೆ ಒಪ್ಪುತ್ತದೆ ಎಂದುಕೊಂಡು ಮೂರನೆಯದನ್ನು ಸುರಿದೆ. ಭಗ್ಗೆಂದಿತು! ನನ್ನ ಎಡ ಹುಬ್ಬು ಅಲ್ಲಿಗೆ ಸಮಾಪ್ತಿ. ಜ್ವಾಲೆ ಇಳಿದು, ಹೆಂಟೆ ಒಳಗೊಳಗೇ ಕೆಂಡವಾಗಿ ಹೊಗೆ ಬಿಡತೊಡಗಿತು. ಮಣ್ಣು, ಒಣಹುಲ್ಲು, ಎಂದೋ ನಿಂತ ಮಳೆ, ಎಲ್ಲ ಸೇರಿದ ಪರಿಮಳ.

ನೋರಾ ಕಣ್ಣು ಮುಚ್ಚಿದರು. ಅಡುಗೆಮನೆ ನೆನಪಿಸಿಕೊಂಡರು. ಒಲೆಯ ಪಕ್ಕ ಒಣಗಲು ಹಾಕಿದ ಅಪ್ಪನ ಟೋಪಿ, ಅವರ ಕಪ್ಪು ಟೀ. ಅಪ್ಪನ ಹತ್ತಿರ ಮಾತನಾಡುವಂತೆ ತಮ್ಮ ಭಾಷೆಯಲ್ಲಿ ಏನೋ ಪಿಸುಗುಟ್ಟಿದರು.

"ಹೊಗೆ ಹೆಚ್ಚಾಯಿತೇ? ಕಿಟಕಿ ತೆಗೆಯಲೇ?" ಎಂದರು ಸ್ವಲ್ಪ ಹೊತ್ತಿನ ಮೇಲೆ.

ಅವರ ತಂದೆಯ ದಿನ! ಉಸಿರು ಕಟ್ಟುತ್ತಿದೆ ಎನ್ನಲು ಬಾಯಿ ಬರುತ್ತದೆಯೇ? "ಛೆ ಛೆ, ಏನೂ ಇಲ್ಲ. ನಿಮಗೆ?"

"ಇಲ್ಲ ಇಲ್ಲ. ನೀವು ಆರಾಮಾಗಿದ್ದೀರಿ ತಾನೇ?"

"ಖಂಡಿತ."

ಎರಡು ದೇಶಗಳ ಸಂಕೋಚ ಎದುರುಬದುರಾಗಿ ಕುಳಿತು ಕೆಮ್ಮಿತು. ಮೂರನೇ ಸಲ ಕೇಳುವಷ್ಟರಲ್ಲಿ ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲ. ನನಗೆ ತಲೆನೋವು, ಮಂಪರು, ವಾಕರಿಕೆ. ಇಂಗಾಲದ ಮಾನಾಕ್ಸೈಡಿನ ಲಕ್ಷಣಗಳನ್ನು ಪ್ರತಿ ತಿಂಗಳೂ ಹೊಸ ಕೆಲಸಗಾರರಿಗೆ ಪರದೆಯ ಮೇಲೆ ತೋರಿಸಿ ವಿವರಿಸುವ ನಾನು, ಇದು ಭಾವುಕತೆ ಎಂದುಕೊಂಡೆ!

ಆಗ ನೋರಾ ಕೈಯಿಂದ ಟೀ ಕಪ್ ಜಾರಿತು. ಅವರು ಎತ್ತಿಕೊಳ್ಳಲಿಲ್ಲ. ತಲೆ ಭುಜದ ಮೇಲೆ ವಾಲಿತ್ತು. ನಾನು ಏಳಲು ನೋಡಿದೆ, ಕಾಲುಗಳು ನನ್ನವಲ್ಲ. ಜಾರಿದ ಕಪ್ ಕಾರ್ಪೆಟ್ ಮೇಲೆ ನಿಧಾನವಾಗಿ ಉರುಳಿ ನನ್ನ ಪಾದದ ಹತ್ತಿರ ಬಂದು ನಿಂತಿತು. ಈಗಲೂ ಕಣ್ಣು ಮುಚ್ಚಿದರೆ ಆ ಕಪ್ ಉರುಳುತ್ತಲೇ ಇರುತ್ತದೆ. ಕೂಗಬೇಕೆಂದರೆ ಬಾಯಿಗೆ ಬಂದದ್ದು ಒಂದೇ ಹೆಸರು, ಶಾಂತಲಾ.

ಅವಳು ಬಂದಳು. ಹಾಲಿನ ಚೀಲದ ಜೊತೆ, ಕಾರಿಡಾರಿನಲ್ಲಿ ಸಿಕ್ಕ ಕಟ್ಟಡದ ಕಾವಲುಗಾರ ಈಜಿಪ್ಟಿನ ಮಹಮೂದನನ್ನೂ ಕರೆದುಕೊಂಡು. ಬಾಗಿಲು ದೂಡಿ, ಕಿಟಕಿ ತೆರೆದು, ನೋರಾರನ್ನು ಕಂಕುಳಿಗೆ ಕೈಹಾಕಿ ಹೊರಗೆಳೆದದ್ದು ಶಾಂತಲಾ. ನನ್ನನ್ನು ಕಾಲು ಹಿಡಿದು ಎಳೆದದ್ದು ಮಹಮೂದ್. ಆಮೇಲೆ ಒಳಗೆ ನುಗ್ಗಿ ಕುಂಡಕ್ಕೆ ಬಕೆಟ್ ನೀರು ಸುರಿದವನೂ ಅವನೇ. ಟೋಪಿ ತೊಟ್ಟ ಅಲಾರಂ ನೋಡಿ, "ಯಾ ಬಾಶ್‌ಮುಹಂದಿಸ್, ಇದಕ್ಕೆ ಚಳಿಯಾ?" ಎಂದ. ಅವನ ಬಾಯಲ್ಲಿ ಅದು ಎಂಜಿನಿಯರ್ ಸಾಹೇಬರೇ ಎಂಬ ಗೌರವದ ಮಾತು. ಅಂದು ಮಾತ್ರ ಬೈಗುಳದ ಹಾಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚಗಳಲ್ಲಿ ಇಬ್ಬರಿಗೂ ಆಮ್ಲಜನಕ. ನೋರಾ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಹೆಂಟೆ?" ಅರ್ಧ ಉಳಿದಿತ್ತು, ನೆನೆದು ಕೆಸರಾಗಿ. ಶಾಂತಲಾ ಅದನ್ನು ನಮ್ಮ ದೋಸೆ ಹಿಟ್ಟಿನ ಪಾತ್ರೆಯಲ್ಲಿ ಎತ್ತಿಟ್ಟಿದ್ದಳು.

"ಕ್ಷಮಿಸಿ," ಎಂದೆ.

"ಪರವಾಗಿಲ್ಲ."

"ನಿಜವಾಗಿ ಕ್ಷಮಿಸಿ."

"ಅಯ್ಯೋ, ಪರವಾಗಿಲ್ಲ."

"ನನ್ನಿಂದ ದೊಡ್ಡ ತಪ್ಪಾಯಿತು."

ನೋರಾ ಮಾಸ್ಕ್ ಸರಿಸಿದರು. "ನಿನ್ನಂಥ ಮುಠ್ಠಾಳನನ್ನು ನಾನು ಎರಡು ಖಂಡಗಳಲ್ಲೂ ನೋಡಿಲ್ಲ!" ಎಂದು, ನನ್ನ ಕೈ ಹಿಡಿದುಕೊಂಡು ಅತ್ತರು. ಬಿಡಲೇ ಇಲ್ಲ.

ಕೆಸರು ಹೆಂಟೆಯನ್ನು ಶಾಂತಲಾ ತಾರಸಿಯಲ್ಲಿ ಹಪ್ಪಳದ ಪಕ್ಕ ಬಿಸಿಲಿಗಿಟ್ಟಳು. ಸಂಜೆಗೆ ಅದು ಇಟ್ಟಿಗೆ! ನೋರಾ ಬೆರಳಿನಿಂದ ತಟ್ಟಿ ನೋಡಿ ನಕ್ಕರು. ಟರ್ಫ್ ಒಣಗಲು ಬಿಸಿಲಿಲ್ಲವಲ್ಲ ಎಂದು ಅವರ ಅಪ್ಪ ಜೀವಮಾನವಿಡೀ ಆಕಾಶಕ್ಕೆ ಬೈದಿದ್ದರಂತೆ. "ಅವರನ್ನು ಒಮ್ಮೆ ಇಲ್ಲಿಗೆ ಕರೆಸಬೇಕಿತ್ತು," ಎಂದರು.

ಮುಂದಿನ ಶುಕ್ರವಾರ ಅದೇ ತಾರಸಿಯಲ್ಲಿ, ಬಯಲಿನಲ್ಲಿ, ಮಾಸಿಕ ಮುಂದುವರಿಯಿತು. ಹೊತ್ತಿಸಿದ್ದು ಶಾಂತಲಾ. ತುಪ್ಪವಿಲ್ಲ. ನನಗೆ ಒಪ್ಪಿಸಿದ ಜವಾಬ್ದಾರಿ ನೀರಿನ ಬಕೆಟ್. ಗಾಳಿ ತಿರುಗಿ ಹೊಗೆ ನೇರ ನನ್ನ ಮುಖಕ್ಕೇ ಬಂತು.

"ಹೊಗೆ ಬರ್ತಿದೆಯಾ?" ಎಂದರು ನೋರಾ.

"ಬರ್ತಿದೆ!" ಎಂದೆ, ಮೊದಲ ಸಲಕ್ಕೇ.

"ಹಾಗಾದ್ರೆ ಇನ್ನೂ ಹಿಂದೆ ಹೋಗ್ರೀ," ಎಂದಳು ಶಾಂತಲಾ.

ಬಕೆಟ್ ಸಮೇತ ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತೆ. ಅಲ್ಲಿಗೆ ಪರಿಮಳವೂ ಬರಲಿಲ್ಲ. ಕೆಂಡದ ಮುಂದೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಫ್ಲಾಸ್ಕ್ ತೆರೆದ ಸದ್ದಾಯಿತು.

"ರೀ, ಟೀ ಬೇಕಾ?" ಎಂದಳು.

"ಬೇಡ ಬೇಡ," ಎಂದೆ, ಅಭ್ಯಾಸಬಲದಿಂದ.

ಎರಡನೇ ಸಲ ಯಾರೂ ಕೇಳಲಿಲ್ಲ.