ಹಬ್ ತಿರುಗಿಸ್ದೇನ್ಲಾ?

ಒಂದೇ ಜೀಪು, ಇಬ್ಬರು ಅಣ್ಣತಮ್ಮಂದಿರು, ಸಾನಮಾವು ಕಾಡಿನ ಕಡೆಯ ಕೆಸರು ದಾರಿ. ಇಷ್ಟಿದ್ದ ಮೇಲೆ ನಾವು ನಗೆಪಾಟಲಾಗದ ವಾರವೇ ಇಲ್ಲ.

೧. ಎರಡೇ ಮಾತು

ನಮ್ಮದು ಹಳೇ ಫೋರ್ ವೀಲ್ ಜೀಪು. ಕೆಸರು ಬಂದರೆ ಇಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಹಬ್ ಎಂಬ ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಆಗಲೇ ಮುಂದಿನ ಚಕ್ರಗಳೂ ಎಳೆಯುವುದು. ಬಲಗಡೆಯದು ಜೀಪು ಓಡಿಸುವ ಅಣ್ಣನದು, ಎಡಗಡೆಯದು ನನ್ನದು. ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದು ಜಗಳವಾಡಿ ನಾವು ಮಾತು ಬಿಟ್ಟಿದ್ದೆವು. ಆದರೂ ಟೊಮೇಟೊ ಹೊಸೂರು ಮಾರ್ಕೆಟ್ಟಿಗೆ ಹೋಗಬೇಕಲ್ಲ.

"ತಿರುಗಿಸ್ದೇನ್ಲಾ?"

"ತಿರುಗಿಸ್ದೆ."

ಅಣ್ಣ ಕೇಳುವುದು, ನಾನು ಹೇಳುವುದು, ಉಳಿದಿದ್ದ ಮಾತು ಇಷ್ಟೇ. ನೀರು ಅವನು ಹೇಳಿದ ಕಡೆಯೂ ಬರಲಿಲ್ಲ, ನಾನು ಹೇಳಿದ ಕಡೆಯೂ ಬರಲಿಲ್ಲ.

೨. ಗಾರ್ಡಿನ ಪಂಚಾಯಿತಿ

ಒಂದು ದಿನ ಅಣ್ಣ ಅದನ್ನೂ ಕೇಳಲಿಲ್ಲ. ನಾನೂ ಇಳಿಯಲಿಲ್ಲ. ಜೀಪು ಹೂತುಕೊಂಡಿತು. ಫಾರೆಸ್ಟ್ ಗಾರ್ಡ್ ಓಡಿಬಂದು, ಹತ್ತಿರದಲ್ಲೇ ಆನೆ ಇದೆ, ಬೇಗ ಹೊರಡಿ ಎಂದ.

"ಎಡಗಡೇದು ತಿರುಗಿಸವ್ನಾ ಕೇಳಿ ಸಾರ್," ಅಂದ ಅಣ್ಣ.

"ನಮ್ಮಣ್ಣ ಕೇಳ್ಲಿಲ್ಲ, ನಾನು ತಿರುಗಿಸ್ಲಿಲ್ಲ ಅನ್ನಿ ಸಾರ್," ಅಂದೆ.

"ಮೊದ್ಲು ಯಾರನ್ನ ತುಳೀಬೇಕು ಅಂತ ಆನೆಗೂ ನಾನೇ ಹೇಳ್ಬೇಕೇನ್ರಪ್ಪಾ?" ಅಂದ ಗಾರ್ಡ್.

೩. ಮರೆತದ್ದು

ಮಂಡಿನೋವಿನಲ್ಲಿ ಅಣ್ಣ ಇಳಿದು ಬಗ್ಗುವುದನ್ನು ನೋಡಲಾಗದೆ, ಆಲಸನತ್ತಂನ ಮೆಕ್ಯಾನಿಕ್ ಹತ್ತಿರ ಆಟೋಮ್ಯಾಟಿಕ್ ಹಬ್ ಹಾಕಿಸಿದೆ. ಅವು ತಾವೇ ಲಾಕ್ ಆಗುತ್ತವೆ. ಬಿಡಿಸಲು ಗಾಡಿಯನ್ನು ಸ್ವಲ್ಪ ಹಿಂದಕ್ಕೆ ತೆಗೆದರೆ ಸಾಕು. ಇಳಿಯುವುದು ತಪ್ಪಿತು. ಆ ಎರಡು ಮಾತೂ ತಪ್ಪಿದವು. ಎಂಥ ಕೆಲಸ ಮಾಡಿಕೊಂಡೆ ಎಂದು ಒಳಗೊಳಗೇ ಸಂಕಟಪಟ್ಟೆ.

ಟಾರು ರಸ್ತೆ ಹತ್ತಿ, ಹಬ್ ಬಿಡಿಸಲು ಮತ್ತೆ ಹಿಂದಕ್ಕೆ ಬರುವ ನಮ್ಮನ್ನು ಟೀ ಅಂಗಡಿಯ ಅಕ್ಕ ದಿನಾ ಕೇಳುವಳು, "ಇವತ್ತೇನ್ ಮರ್ತ್ರಿ?" ನಾವಿಬ್ಬರೂ ಸುಮ್ಮನಿರುತ್ತಿದ್ದೆವು. ಕೊನೆಗೆ ಅವಳೇ ಗಿರಾಕಿಗಳಿಗೆ ಹೇಳಿದಳು, "ನಾಲಿಗೆ ಮರ್ತ್ ಬಂದವ್ರೆ ಪಾಪ."

೪. ತಿರುಗಿಸಲು ಏನೂ ಇಲ್ಲದ ದಿನ

ಹೋದ ಮಳೆಗಾಲ ಆಟೋಮ್ಯಾಟಿಕ್ ಕೈಕೊಟ್ಟು, ಮುಂದಿನ ಚಕ್ರಗಳು ಎಳೆಯಲೇ ಇಲ್ಲ. ಅಣ್ಣ ಹಳೇ ಅಭ್ಯಾಸದಲ್ಲಿ ಕುಂಟುತ್ತಾ ಇಳಿದು ಚಕ್ರದ ಮೇಲೆ ಕೈಯಿಟ್ಟ. ಅಲ್ಲಿ ಬರೀ ನುಣ್ಣನೆಯ ಮುಚ್ಚಳ. ನಾನೂ ಇಳಿದು ನನ್ನ ಕಡೆ ಬಗ್ಗಿದೆ.

"ತಿರುಗಿಸ್ದೇನ್ಲಾ?"

"ತಿರುಗಿಸ್ದೆ ಕಣಣ್ಣ."

"ಸುಳ್ಳು ಬೊಗಳ್ಬ್ಯಾಡ. ತಿರುಗ್ಸಾಕೆ ಏನೈತೆ ಇದ್ರಾಗೆ?" ಮುಚ್ಚಳ ತಟ್ಟಿ ಕೇಳಿದ, "ನನ್ ಜೊತೆ ಆ ಮಾತೂ ಬ್ಯಾಡ ಅಂತ್ಲೇ ಇದ್ನ ಹಾಕಿಸ್ದ್ಯಾ?"

"ನಿನ್ ಮಂಡಿನೋವ್ಗೆ ಹಾಕಿಸ್ದೆ ಅಣ್ಣ."

ಅಣ್ಣ ಕೆಸರಲ್ಲೇ ನಿಂತು ಮುಖ ಒರೆಸಿಕೊಂಡ. ಎಷ್ಟು ವರ್ಷ ಹಾಳು ಮಾಡಿಕೊಂಡೆವಲ್ಲ ಅನ್ನಿಸಿತು.

ಮರುದಿನ ಮೆಕ್ಯಾನಿಕ್‌ಗೆ ಅಣ್ಣನೇ ಹೇಳಿದ, ಹಳೇ ಹಬ್‌ಗಳನ್ನೇ ಹಾಕು ಎಂದು. ಇದನ್ನೇ ರಿಪೇರಿ ಮಾಡಬಹುದಲ್ಲ ಎಂದನವನು.

"ಬ್ಯಾಡ. ಮಂಡಿಗೆ ಎಣ್ಣೆ ಹಚ್ಕೋತೀನಿ," ಅಂದ ಅಣ್ಣ. "ಈ ನನ್ಮಗ ಗಾಡಿ ಇಳಿದ್ರೇನೇ ಬಾಯ್ ಬಿಡೋದು."